ಸೀಮೆಎಣ್ಣೆ ಕಡ ಕೊಟ್ಟವರು ಯಾರು?

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. "ಮಗ ಏನು ಓದ್ತಿದಾನೆ?" "ಎಕನಾಮಿಕ್ಸ್" ಅಂದು ನೋಡಿ. ಕೋಸಂಬರಿಗೆ ಹೋಗಿದ್ದ ಕೈ ಅರ್ಧದಲ್ಲೇ ನಿಲ್ಲುತ್ತದೆ. "ಪಾಪ, ಸಿಇಟೀಲಿ ರ‍್ಯಾಂಕ್ ಬರ್ಲಿಲ್ವೇನೋ" ಎಂಬ ಮರುಕ ಮುಖದ ಮೇಲೇ ಬಂದುಬಿಡುತ್ತದೆ. ಅವಸರ ಮಾಡಬೇಡಿ. ಸಾರಿಗೆ ತುಪ್ಪ ಹಾಕಿಸಿಕೊಂಡು, ಕಲಸಿ, ಒಂದು ತುತ್ತು ನುಂಗಿ, ಆಮೇಲೆ "ಲಂಡನ್ನಲ್ಲಿ" ಅನ್ನಿ. ಅದೇ ಮನುಷ್ಯ ಎಲೆ ಬಿಟ್ಟು ಪೂರ್ತಿ ನಿಮ್ಮ ಕಡೆ ತಿರುಗುತ್ತಾನೆ. "ಅಯ್ಯೋ ಮೊದಲೇ ಹೇಳಬಾರದಾ ಸ್ವಾಮಿ! ಅಲ್ಲಿ ಸೀಟು ಸಿಗೋದು ಅಂದ್ರೆ ಸಾಮಾನ್ಯಾನಾ?" ಪಾಯಸ ಬರುವ ಹೊತ್ತಿಗೆ ನಿಮ್ಮ ಮಗನ ನಕ್ಷತ್ರ, ಪಾದ ಎಲ್ಲ ವಿಚಾರಣೆಗೆ ಬಂದಿರುತ್ತದೆ.

ನಗಬೇಡಿ, ಇದಕ್ಕೇ ನೊಬೆಲ್ ಬಂದಿದೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಎಂಬಾತ ಒಂದು ಪ್ರಬಂಧ ಬರೆದ. ಓದಿನಿಂದ ಹುಡುಗನ ಕೆಲಸಗಾರಿಕೆ ಒಂದು ಕಾಳಿನಷ್ಟೂ ಹೆಚ್ಚದೇ ಇರಬಹುದು, ಆದರೂ ಕಷ್ಟದ ಡಿಗ್ರಿ ದಾಟಿ ಬಂದವನು ಎಂಬ ಗುರುತು ಕಂಡರೆ ಸಾಕು, ಸಂಬಳ ಕೊಡುವವನು ಜಾಸ್ತಿ ಕೊಡುತ್ತಾನೆ ಎಂಬುದು ಅದರ ಸಾರ. 2001ರಲ್ಲಿ ಅಕರ್ಲಾಫ್, ಸ್ಟಿಗ್ಲಿಟ್ಸ್ ಜೊತೆ ಅವನಿಗೂ ನೊಬೆಲ್ ಹಂಚಿದರು. ಹೆಣ್ಣು ಹೆತ್ತ ನಮ್ಮ ಮಾವಂದಿರು ಈ ಸಿದ್ಧಾಂತವನ್ನು ಸ್ವೀಡನ್ನಿನವರಿಗಿಂತ ಎಷ್ಟೋ ಮೊದಲೇ ಒಪ್ಪಿ, ಪ್ರಯೋಗಕ್ಕೂ ಇಳಿಸಿದ್ದರು. ಅವರಿಗೆ ಯಾರೂ ಏನೂ ಕೊಡಲಿಲ್ಲ.

ಹಾಗಂತ ಇಲ್ಲಿ ಏನೂ ಇಲ್ಲವೇ? ಕೇಂಬ್ರಿಜ್‌ನಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್, ಬಳ್ಳಾರಿಯಿಂದ ಲೋಕಸಭೆಗೂ ಆರಿಸಿ ಹೋದವರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಎಂಬ, ಈಗ ನಾಗರಬಾವಿಯಲ್ಲಿರುವ ಸಂಶೋಧನಾ ಸಂಸ್ಥೆ ಕಟ್ಟಿದರು. 2017ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮಾದರಿಯಲ್ಲೇ ಅಂಬೇಡ್ಕರ್ ಹೆಸರಿನ ಸ್ಕೂಲ್ ಆಫ್ ಎಕನಾಮಿಕ್ಸ್ ಕೂಡ ಬೆಂಗಳೂರಿನಲ್ಲೇ ಶುರುವಾಯಿತು. ಆದರೆ ಪಂಕ್ತಿಯಲ್ಲಿ ಕೂತು "ನಾಗರಬಾವೀಲಿ ಓದ್ತಾಳೆ" ಅಂದರೆ "ಬಸ್ಸು ಸಲೀಸಾಗಿ ಸಿಗತ್ತಾ?" ಅಂತ ಕೇಳುತ್ತಾರೆಯೇ ಹೊರತು ನಕ್ಷತ್ರ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ.

ನಮ್ಮ ಬೀದಿಯ ಮೇಷ್ಟ್ರ ಮಗಳು ಹೊರಟಳು ನೋಡಿ, ಆಗ ಈ ವ್ಯಾಪಾರದ ಒಳಮರ್ಮ ಸ್ವಲ್ಪ ತಿಳಿಯಿತು. ಮೇಷ್ಟ್ರು ರಿಟೈರಾದ ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ. ಮಗಳು ಪಿಯುಸಿಯಲ್ಲಿ ಹೆಪ್ಸ್, ಅಂದರೆ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ. ಗಣಿತದ ಕಾಟ ತಪ್ಪಿತು ಎಂಬ ಖುಷಿಯಲ್ಲೇ ಆ ಗುಂಪು ಹಿಡಿದಿದ್ದಳು. ವಿದೇಶದ ಅರ್ಜಿ ಬಿಚ್ಚಿ ನೋಡಿದರೆ ಅವರು ಕೇಳಿದ್ದು ಬರೀ ಗಣಿತ! ಕ್ಯಾಲ್ಕುಲಸ್ ಎಷ್ಟು, ಲೀನಿಯರ್ ಆಲ್ಜಿಬ್ರಾ ಎಷ್ಟು, ಪಿಎಚ್‌ಡಿ ಆಸೆಯಿದ್ದರೆ ರಿಯಲ್ ಅನಾಲಿಸಿಸ್ ಆಗಿದೆಯೋ ಇಲ್ಲವೋ. ಬೇಡಿಕೆ-ಪೂರೈಕೆ ಗೆರೆ ಎಳೆಯಲು ಬರುತ್ತದೆಯೇ ಅಂತ ಒಬ್ಬನೂ ಕೇಳಲಿಲ್ಲ. ಆರ್ಟ್ಸ್ ಅಂತ ಸೇರಿದ ಹುಡುಗಿ ಡಿಗ್ರಿ ಮುಗಿಸಿದ ಮೇಲೆ ಒಂದು ವರ್ಷ ಕೂತು ಲೆಕ್ಕ ಮಾಡಿದಳು. ಅದೇ ಅರ್ಜಿಯನ್ನು ಎಂಜಿನಿಯರಿಂಗ್ ಮುಗಿಸಿ ಬೇಸತ್ತ ಎದುರುಮನೆ ಹುಡುಗ ಒಂದೇ ಸಂಜೆಯಲ್ಲಿ ತುಂಬಿದ. ಎಕನಾಮಿಕ್ಸ್ ಅಂದರೆ ಏನು ಅಂತ ಅವನಿಗೆ ಇವತ್ತಿಗೂ ಅಷ್ಟಕ್ಕಷ್ಟೆ.

ಆಮೇಲೆ ಶಿಫಾರಸು ಪತ್ರಗಳು. ಪ್ರೊಫೆಸರ್ ಬಳಿ ಹೋಗಿ ನಿಂತರೆ, "ನೀನೇ ಒಂದು ಡ್ರಾಫ್ಟ್ ಬರ್ಕೊಂಡು ಬಾಮ್ಮ, ನೋಡಿ ಕಳಿಸ್ತೀನಿ" ಅಂದರು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಸುಲಭವಲ್ಲ. ಮೊದಲ ಡ್ರಾಫ್ಟಿನಲ್ಲಿ ಸಂಕೋಚ, ಎರಡನೆಯದರಲ್ಲಿ ಧೈರ್ಯ, ಮೂರನೆಯದನ್ನು ಓದಿದರೆ ಆಡಮ್ ಸ್ಮಿತ್ ಆದ ಮೇಲೆ ಇವಳೇ. ಉದ್ದೇಶದ ಪ್ರಬಂಧ ಅಂತ ಇನ್ನೊಂದಿದೆ, ಅದನ್ನಂತೂ ಕೇಳಲೇಬೇಡಿ. ಅದರಲ್ಲಿ ಪ್ರತಿ ಭಾರತೀಯ ಮಗುವೂ ಅಮ್ಮನ ಕೈ ಹಿಡಿದು ಸಂತೆಗೆ ಹೋಗಿ, ಈರುಳ್ಳಿ ರೇಟು ಕೇಳಿ ಬೆಚ್ಚಿ, ಅಂದೇ ಅರ್ಥಶಾಸ್ತ್ರಜ್ಞನಾಗುವ ಪಣ ತೊಟ್ಟಿರುತ್ತದೆ. ಈ ಮೇಷ್ಟ್ರ ಮಗಳನ್ನು ಅವರಮ್ಮ ಕೊತ್ತಂಬರಿ ಸೊಪ್ಪು ತರಲು ಕಳಿಸಿದರೆ ಮೆಂತ್ಯ ತರುತ್ತಿದ್ದಳು.

ಇನ್ನು ದುಡ್ಡು. ಮೇಷ್ಟ್ರು ಅರ್ಥಶಾಸ್ತ್ರ ಕಲಿತದ್ದು ಈ ಘಟ್ಟದಲ್ಲಿ. ಮೊದಲು ಅಮೆರಿಕ ವಿಚಾರಿಸಿದರು. ಅಲ್ಲಿ ಒಂದು ವಿಚಿತ್ರ ಇದೆ. ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ಫೀಸು ಮಾಫಿ, ಪಾಠ ಹೇಳಿಕೊಟ್ಟು ತಿದ್ದಿಕೊಟ್ಟರೆ ಊಟ-ಬಾಡಿಗೆಗೂ ಅವರೇ ಕೊಡುತ್ತಾರೆ. ಕತ್ತು ಹಿಡಿದು ವಸೂಲಿ ಮಾಡುವುದು ಮಾಸ್ಟರ್ಸ್‌ಗೆ. ಅಂದರೆ ಹೆಚ್ಚು ಓದುವವನಿಗೆ ಧರ್ಮ, ಕಡಿಮೆ ಓದುವವನಿಗೆ ದಂಡ. ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಫೀಸೇ ಇಲ್ಲ. ಬಾನ್, ಮಾನ್‌ಹೈಮ್‌ಗಳಲ್ಲಿ ಇಂಗ್ಲಿಷಿನಲ್ಲೇ ಎಕನಾಮಿಕ್ಸ್ ಹೇಳಿಕೊಡುತ್ತಾರೆ. ಮೇಷ್ಟ್ರ ಮುಖ ಅರಳಿತು. ಆಮೇಲೆ ತಿಳಿಯಿತು, ಮಾನ್‌ಹೈಮ್ ಇರುವ ರಾಜ್ಯದಲ್ಲಿ ಯುರೋಪಿನಾಚೆಯಿಂದ ಬಂದವರಿಗೆ ಸೆಮಿಸ್ಟರಿಗೆ 1,500 ಯೂರೋ ಅಂತ. ಸರಿ, ಬಾನ್ ಇದೆಯಲ್ಲ ಅಂದರೆ, ವೀಸಾ ಕೊಡುವ ಮೊದಲು ವರ್ಷದ ಖರ್ಚಿನ ದುಡ್ಡು, ಈಚಿನ ಲೆಕ್ಕದಲ್ಲಿ 11,904 ಯೂರೋ, ಅಲ್ಲಿನ ಖಾತೆಯಲ್ಲಿ ಬೀಗ ಹಾಕಿಟ್ಟು ತೋರಿಸಬೇಕು. ಅದು ತಿಂಗಳಿಗೆ 992ರಂತೆ ಮಾತ್ರ ಹೊರಗೆ ಬರುತ್ತದೆ. "ನಮ್ಮ ದುಡ್ಡನ್ನ ನಮಗೇ ಕಂತಲ್ಲಿ ಕೊಡ್ತಾರಂತೆ!" ಅಂದರು ಮೇಷ್ಟ್ರು. ಪೆನ್ಷನ್ ತಗೊಳ್ಳುವವರಿಗೆ ಅದರಲ್ಲಿ ಆಶ್ಚರ್ಯವೇಕೋ ನನಗೆ ತಿಳಿಯಲಿಲ್ಲ.

ಕೊನೆಗೆ ಇಂಗ್ಲೆಂಡೇ ಗತಿಯಾಯಿತು, ಒಂದೇ ವರ್ಷದಲ್ಲಿ ಮಾಸ್ಟರ್ಸ್ ಮುಗಿಯುತ್ತದೆ ಅಂತ. ಮನೆ ಪತ್ರ ಬ್ಯಾಂಕಿಗೆ ಹೋಯಿತು. ಅಂದಿನಿಂದ ಮೇಷ್ಟ್ರು ಬೆಳಗಿನ ಪೇಪರಿನಲ್ಲಿ ಮೊದಲು ನೋಡುತ್ತಿದ್ದ ನಿಧನವಾರ್ತೆ ಬಿಟ್ಟು ಪೌಂಡಿನ ರೇಟಿಗೆ ಕಣ್ಣು ಹಾಕುತ್ತಾರೆ. ರಿಸರ್ವ್ ಬ್ಯಾಂಕ್ ಗವರ್ನರ್ ಏನಂದರು, ಅಮೆರಿಕದ ಫೆಡ್ ಬಡ್ಡಿ ಏರಿಸಿತೇ, ಕಚ್ಚಾತೈಲ ಎಷ್ಟಾಯಿತು, ಎಲ್ಲ ಅವರ ಬಾಯಲ್ಲಿ. ಹಾಲಿನ ಬೂತಿನ ಹತ್ತಿರ ಸಿಕ್ಕಿದರೆ ಚಾಲ್ತಿ ಖಾತೆ ಕೊರತೆಯ ಬಗ್ಗೆ ಮಾತಾಡದೆ ಬಿಡುವುದಿಲ್ಲ. ಹಾಲು ಒಡೆದರೂ ಸರಿ.

ಮೇಷ್ಟ್ರಿಗೆ ನಾನು ಒಂದು ವಿಷಯ ನೆನಪಿಸಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಪೌಂಡಿಗೆ 15 ರೂಪಾಯಿ ಲೆಕ್ಕ. ಆ ಲೆಕ್ಕ ಸರಿಯೇ ತಪ್ಪೇ ಅಂತ ಜಗಳಾಡಿದವರಲ್ಲಿ ಒಬ್ಬರು ಓದಲೆಂದೇ ಕಡಲು ದಾಟಿದವರು. ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಲ್ಲಿ ಅಂಬೇಡ್ಕರ್ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಗೆ ಹೋದರು, 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ. ಮರುವರ್ಷ ವಿದ್ಯಾರ್ಥಿವೇತನ ಮುಗಿಯಿತು, ಓದು ಅರ್ಧಕ್ಕೇ ಬಿಟ್ಟು ಬಂದರು. ಮುಂಬಯಿಯ ಸಿಡ್ನಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ್ದು, ಸ್ನೇಹಿತನ ಹತ್ತಿರ ತಂದ ಸಾಲ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಎಲ್ಲ ಕೂಡಿಸಿ 1920ರಲ್ಲಿ ಮತ್ತೆ ಹೋದರು. 1923ರಲ್ಲಿ ಡಿಎಸ್ಸಿ ಬಂತು, ಅದೇ ವರ್ಷ ಆ ಪ್ರಬಂಧ 'ದಿ ಪ್ರಾಬ್ಲಂ ಆಫ್ ದಿ ರುಪೀ' ಎಂಬ ಪುಸ್ತಕವಾಯಿತು. ಮುನ್ನುಡಿ ಬರೆದ ಗುರು ಎಡ್ವಿನ್ ಕ್ಯಾನನ್ ಅಲ್ಲೇ ತಮ್ಮ ತಕರಾರುಗಳನ್ನೂ ಹೇಳಿಬಿಟ್ಟಿದ್ದಾರೆ. ಶಿಷ್ಯನೇ ಡ್ರಾಫ್ಟ್ ಬರೆದುಕೊಟ್ಟಿದ್ದಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅಂಬೇಡ್ಕರ್ ಆ ಪುಸ್ತಕದಲ್ಲಿ ಎದುರು ಹಾಕಿಕೊಂಡವರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ ಒಬ್ಬ. ಕೇನ್ಸ್‌ನ ಮೊದಲ ಪುಸ್ತಕ, 1913ರದ್ದು, ಭಾರತದ ನಾಣ್ಯವ್ಯವಸ್ಥೆಯ ಮೇಲೆ. ಭಾರತಕ್ಕೆ ಮಾತ್ರ ಆತ ಜೀವಮಾನದಲ್ಲಿ ಕಾಲಿಡಲಿಲ್ಲ. "ಅವರು ರೂಪಾಯಿ ಸಮಸ್ಯೆ ಬಿಡಿಸೋಕೆ ಹೋದ್ರು, ನಮ್ಮವಳು ಹೋಗಿದ್ದಕ್ಕೆ ನಮಗೆ ರೂಪಾಯಿ ಸಮಸ್ಯೆ ಶುರುವಾಯ್ತು" ಅಂದರು ಮೇಷ್ಟ್ರು. ಸಾಲ ಮನುಷ್ಯನಿಗೆ ಹಾಸ್ಯಪ್ರಜ್ಞೆ ಕೊಡುತ್ತದೆ.

ಅತ್ತ ಮಗಳ ಕಥೆ. ಹೋದ ಕೂಡಲೇ ತರಗತಿಗೆ ಮುಂಚೆ ಗಣಿತದ ಶಿಬಿರ ಹಾಕಿದರು. ಆಮೇಲೆ ಎದುರಾದದ್ದು ಮಾಸ್-ಕೊಲೆಲ್. ಜಗತ್ತಿನ ಯಾವ ಮೂಲೆಯಲ್ಲಿ ಮೇಲ್ಮಟ್ಟದ ಎಕನಾಮಿಕ್ಸ್ ಓದಿದರೂ ಈ ಹೆಸರು ಕೇಳಿ ಬೆವರದವರಿಲ್ಲ. ಮಾಸ್-ಕೊಲೆಲ್, ವಿನ್‌ಸ್ಟನ್, ಗ್ರೀನ್ ಮೂವರೂ ಸೇರಿ 1995ರಲ್ಲಿ ತಂದ ಪುಸ್ತಕ, ಸಾವಿರ ಪುಟಕ್ಕೆ ಕೊಂಚ ಕಡಿಮೆ, ಪುಟ ತಿರುವಿದರೆ ಗ್ರೀಕ್ ಅಕ್ಷರ. ಮೊದಲನೆಯವರು ಮುಂದೆ ಕತಲೋನಿಯಾದಲ್ಲಿ ಹಣಕಾಸಿನ ಮಂತ್ರಿಯಾದರು. ಬಜೆಟ್ ಭಾಷಣದಲ್ಲಿ ಲೆಮ್ಮಾ, ಪ್ರಮೇಯ ಎಲ್ಲ ಬರುತ್ತಿದ್ದವೋ ಏನೋ. ಭಾನುವಾರ ಫೋನಿನಲ್ಲಿ ಅವರಮ್ಮ ಕೇಳುತ್ತಿದ್ದರು, "ಅಲ್ವೇ, ಟೊಮೇಟೊ ಯಾಕೆ ಹೀಗೆ ಏರ‍್ತಿದೆ? ನೀನು ಅದನ್ನೇ ಓದ್ತಿರೋದಲ್ವಾ?" "ಅಮ್ಮ, ನಮ್ಮ ಮಾಡೆಲ್‌ನಲ್ಲಿ ಇರೋದೇ ಎರಡು ವಸ್ತು. ಎಕ್ಸು, ವೈಯಿ." "ಅದರಲ್ಲಿ ಟೊಮೇಟೊ ಯಾವುದು?" ಅಷ್ಟಕ್ಕೆ ಸಿಗ್ನಲ್ ಹೋಗುತ್ತಿತ್ತು.

ಆದರೆ ಒಂದು ಭಾನುವಾರ ಸಿಗ್ನಲ್ ಹೋಗಲಿಲ್ಲ, ಹುಡುಗಿ ಉತ್ಸಾಹದಿಂದ ಮಾತಾಡಿದಳು. ಆ ವಾರ ಅವಳಿಗೆ ಕೊಟ್ಟ ಲೆಕ್ಕದ ಅಂಕಿಗಳು ಕರ್ನಾಟಕದ ಹಳ್ಳಿಗಳದ್ದಂತೆ! ನಿಜವೇ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜಾಕ್ಸನ್ ಸೇರಿ ನಮ್ಮ ರಾಜ್ಯದ 75 ಹಳ್ಳಿಗಳಲ್ಲಿ ಮನೆಮನೆ ಸುತ್ತಿಸಿ ಲೆಕ್ಕ ಬರೆಸಿದ್ದರು. ಕಿರುಸಾಲದ ಸುದ್ದಿ ಊರಲ್ಲಿ ಹೇಗೆ ಹಬ್ಬುತ್ತದೆ ಎಂಬ ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕೇಳಿದ್ದು ಎಂಥ ಪ್ರಶ್ನೆ ಅಂತೀರಿ? ಸೀಮೆಎಣ್ಣೆ, ಅಕ್ಕಿ ಬೇಕಾದರೆ ಯಾರ ಮನೆಯಿಂದ ಕಡ ತರುತ್ತೀರಿ? ನಿಮ್ಮಲ್ಲಿಗೆ ಯಾರು ಬರುತ್ತಾರೆ? ಬುದ್ಧಿಮಾತು ಯಾರನ್ನು ಕೇಳುತ್ತೀರಿ? ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ? ಬಾಗಿಲಲ್ಲಿ ನಿಂತು ಅತ್ತೆಯರು ನಡೆಸುವ ವಿಚಾರಣೆಯೇ ಇದು. ಆ ಉತ್ತರಗಳೆಲ್ಲ ಚುಕ್ಕಿ-ಗೆರೆಗಳಾಗಿ ಇವತ್ತು ಎಲ್ಲೆಲ್ಲಿಯ ಸಂಶೋಧಕರೋ ಬಳಸುವ ಅಂಕಿ-ಅಂಶ.

ಅಷ್ಟಕ್ಕೇ ಬಿಡಲಿಲ್ಲ. "ಊರಿಗೆಲ್ಲ ಒಂದು ಸುದ್ದಿ ಮುಟ್ಟಬೇಕಾದರೆ ಯಾರಿಗೆ ಹೇಳಬೇಕು?" ಅಂತಲೂ ಹಳ್ಳಿಯವರನ್ನು ಕೇಳಿದರು. ಜನ ಹೆಸರು ಹೇಳಿದರು. ಆಮೇಲೆ 213 ಹಳ್ಳಿಗಳಲ್ಲಿ ಪರೀಕ್ಷೆ: ಫೋನು ಇಲ್ಲವೇ ದುಡ್ಡು ಬಹುಮಾನ ಸಿಗುತ್ತದೆ, ಈ ನಂಬರಿಗೆ ಕರೆ ಮಾಡಿ, ಎಂಬ ಸುದ್ದಿಯನ್ನು ಕೆಲವು ಊರಲ್ಲಿ ಯಾರಿಗೋ ಕಣ್ಣುಮುಚ್ಚಿ ಹೇಳಿದರು, ಕೆಲವು ಕಡೆ ಊರ ಹಿರಿಯರಿಗೆ, ಕೆಲವು ಕಡೆ ಜನ ಹೆಸರಿಸಿದ ಆ ಬಾಯಾಳಿಗಳಿಗೆ. ಹೆಚ್ಚು ಕರೆ ಬಂದದ್ದು ಬಾಯಾಳಿಗಳಿದ್ದ ಊರಿನಿಂದ. 2019ರಲ್ಲಿ ಅಚ್ಚಾದ ಆ ಪ್ರಬಂಧದ ಶೀರ್ಷಿಕೆಯಲ್ಲೇ ಹರಟೆಮಲ್ಲರಿದ್ದಾರೆ. ಅದೇ ವರ್ಷ ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ ನೊಬೆಲ್ ಬಂತು, ಬೇರೆ ಕೆಲಸಗಳಿಗೆ ಅನ್ನಿ. ಊರ ಹಿರಿಯರನ್ನು ಹರಟೆಯವರು ಸೋಲಿಸಿದ್ದಕ್ಕೆ ಅಂಕಿಯ ಆಧಾರ ಸಿಕ್ಕಿದ್ದು ನನ್ನಂಥವರಿಗೆ ಸಣ್ಣ ಸಮಾಧಾನವಲ್ಲ. ಮೇಷ್ಟ್ರ ಹೆಂಡತಿ ಮಾತ್ರ ಒಂದೇ ಮಾತು ಅಂದರು: "ಇದನ್ನ ತಿಳ್ಕೊಳ್ಳೋಕೆ ಮನೆ ಪತ್ರ ಇಡಬೇಕಿತ್ತಾ? ನಮ್ಮ ಹೂವಿನವಳನ್ನ ಕೇಳಿದ್ರೆ ಸಾಕಿತ್ತು."

ಹೊರದೇಶದವರ ವ್ಯವಹಾರ ಜ್ಞಾನಕ್ಕೂ ಒಂದು ಉದಾಹರಣೆ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು. ಎಕನಾಮಿಕ್ಸ್‌ನ ಸರ್ಕಾರಿ ಕೋಡು 45.0601, ಅದು ವಿಜ್ಞಾನದ ಪಟ್ಟಿಯಲ್ಲಿಲ್ಲ. ಪರಿಮಾಣಾತ್ಮಕ ಅರ್ಥಶಾಸ್ತ್ರ ಎಂಬುದರ ಕೋಡು 45.0603, ಅದು ಪಟ್ಟಿಯಲ್ಲಿದೆ. ಎಷ್ಟೋ ವಿಶ್ವವಿದ್ಯಾಲಯಗಳು ಏನು ಮಾಡಿದವು? ಕೊನೆಯ 1 ಅನ್ನು 3 ಮಾಡಿದವು. ಅದೇ ಪಾಠ, ಅದೇ ಮೇಷ್ಟ್ರು, ಅದೇ ಮಾಸ್-ಕೊಲೆಲ್. ಸೇರುವ ಹುಡುಗನಿಗೆ ಎರಡು ವರ್ಷ ಲಾಭ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಪಹಣಿಯ ಒಂದು ಅಂಕಿ ತಿದ್ದಿದರೆ ಏನಂತ ಕರೆಯುತ್ತೇವೆ, ಬಿಡಿ.

ಇಷ್ಟೆಲ್ಲ ಹಂಗಿಸಿದರೂ ಹೋಗಬೇಡಿ ಅಂತ ನಾನು ಹೇಳುವವನಲ್ಲ. ಮೇಷ್ಟ್ರ ಮಗಳು ಈಗ ಊರಿಗೆ ಬಂದರೆ ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ಕೂತು, ಬಂಡವಾಳ ಯಾರು ಕೊಡ್ತಾರೆ, ಸಂಜೆಗೆ ಎಷ್ಟು ಸೇರಿಸಿ ಕೊಡಬೇಕು ಅಂತ ಬಿಡಿಸಿ ಬಿಡಿಸಿ ಕೇಳುತ್ತಾಳೆ. ಮೊದಲು ಮೆಂತ್ಯಕ್ಕೂ ಕೊತ್ತಂಬರಿಗೂ ವ್ಯತ್ಯಾಸ ತಿಳಿಯದ ಹುಡುಗಿ ಅದು. ಕಳಿಸುವುದಾದರೆ ಮಕ್ಕಳನ್ನು ಪಿಯುಸಿಯಿಂದಲೇ ಗಣಿತ ಬಿಡದಂತೆ ನೋಡಿಕೊಳ್ಳಿ. ಬೇಕಾದರೆ ಹಿಸ್ಟರಿಯನ್ನು ಮನೆಯಲ್ಲಿ ಓದಿಕೊಳ್ಳಲಿ. ಪಿಎಚ್‌ಡಿ ಮಾಡುವ ಮನಸ್ಸಿದ್ದರೆ ಮಾಸ್ಟರ್ಸ್‌ಗೆ ದುಡ್ಡು ಸುರಿಯುವ ಮೊದಲು ನೇರ ಅದಕ್ಕೇ ಒಂದು ಅರ್ಜಿ ಹಾಕಿ ನೋಡಲಿ. ಮತ್ತು ಬ್ಯಾಂಕಿನವರು ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕುವ ಮುಂಚೆ ಮೊರಟೋರಿಯಂ ಅಂತ ಬರೆದಿರುವ ಪ್ಯಾರಾವನ್ನು ಕನ್ನಡಕ ಹಾಕಿಕೊಂಡು ಓದಿ: ಓದುವ ಅವಧಿಯಲ್ಲಿ ನಿಲ್ಲುವುದು ಕಂತು ಮಾತ್ರ, ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ.