ಮೇಲಿನ ಮನೆ ಹೆಡ್ಮಾಷ್ಟ್ರು

ಊರಿನ ಶಾಲೆಗಳು ಮೇ ಕೊನೆಗೆ ಬಾಗಿಲು ತೆಗೆಯುತ್ತವೆ. ನಮ್ಮ ಮೇಲಿನ ಮನೆಯ ಶಾಲೆಗೆ ಬಾಗಿಲು ಹಾಕುವ ಅಭ್ಯಾಸವೇ ಇಲ್ಲ. ಆದರೂ ಮೇ ನಡುವಿನಿಂದಲೇ ಅಲ್ಲಿ ಗದ್ದಲ. ಮೇಜು ಎಳೆದಾಡುವ ಸದ್ದು, ಗೋಡೆಗೆ ಡ್ರಿಲ್ ಕೊರೆಯುವ ಸದ್ದು, ಮೆಟ್ಟಿಲ ಮೇಲೆಲ್ಲ ಲ್ಯಾಮಿನೇಶನ್ ಮಿಷನ್ನಿನ ಬಿಸಿ ಪ್ಲಾಸ್ಟಿಕ್ ವಾಸನೆ. ಹೋಮ್‌ಸ್ಕೂಲಿಂಗ್ ಅಪ್ಪ ಹೊಸ ವರ್ಷಕ್ಕೆ ಸಜ್ಜಾಗುತ್ತಿದ್ದಾರೆ. ದಾಖಲಾತಿ: ಗಂಡು ಒಂದು, ಹೆಣ್ಣು ಸೊನ್ನೆ, ಒಟ್ಟು ಒಂದು.

ಬೆಂಗಳೂರಿನಲ್ಲಿ ಇಂಥವರನ್ನು ನೀವೂ ಕಂಡಿರುತ್ತೀರಿ. ಸಾಫ್ಟ್‌ವೇರ್ ಕೆಲಸ, ಅದೂ ಮನೆಯಿಂದ. ಒಂದೆರಡು ಶಾಲೆಗಳ ಮೆಟ್ಟಿಲು ಹತ್ತಿ, ಡೊನೇಷನ್ ಎಷ್ಟೆಂದು ಕೇಳಿ ಇಳಿದು, ‘ಈ ಫ್ಯಾಕ್ಟರಿಗೆ ನನ್ನ ಮಗನ್ನ ಹಾಕಲ್ಲ’ ಎಂದು ಶಪಥ ಮಾಡಿದವರು. ಶಾಲೆಯ ಮೇಲೆ ಅವರ ತಕರಾರು ಇಷ್ಟೇ: ಬೆಲ್ಲು, ಟೈಮ್‌ಟೇಬಲ್, ಯೂನಿಫಾರಂ. ಈಗ ಅವರ ಹಾಲಿಗೆ ಕಾಲಿಟ್ಟರೆ ಮುಕ್ಕಾಲು ಗಂಟೆಗೊಮ್ಮೆ ಫೋನಿನಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ, ಗೋಡೆಯ ಮೇಲೆ ಏಳು ಬಣ್ಣದ ಟೈಮ್‌ಟೇಬಲ್ ಹೊಳೆಯುತ್ತದೆ, ಹುಡುಗ ‘ನೇಚರ್ ವಾಕ್’ ಎಂದು ಬರೆಸಿದ ಹಸಿರು ಟೀ ಶರ್ಟು ತೊಟ್ಟು ಕೂತಿರುತ್ತಾನೆ. ತಮ್ಮನ್ನು ಫೆಸಿಲಿಟೇಟರ್ ಅನ್ನಬೇಕು ಎಂದು ಅವರ ಕೋರಿಕೆ. ವಠಾರದಲ್ಲಿ ಎಲ್ಲರಿಗೂ ಅವರು ಹೆಡ್ಮಾಷ್ಟ್ರೇ.

ಹೆಡ್ಮಾಷ್ಟ್ರಿಗೆ ವರ್ಷಕ್ಕೊಬ್ಬ ಗುರು. ಮೊದಲು ಮಾಂಟೆಸ್ಸರಿ. ಬಡಗಿಯನ್ನು ಕರೆಸಿ ಗುಲಾಬಿ ಗೋಪುರ ಮಾಡಿಸಿದರು. ಉಪ್ಪುಕಾಗದದಲ್ಲಿ ಅ ಆ ಇ ಈ ಕತ್ತರಿಸಿ, ಙ ಞ ಬರುವ ಹೊತ್ತಿಗೆ ಬೆರಳೂ ಕತ್ತರಿಸಿಕೊಂಡರು. ಮರುವರ್ಷ ಜಾನ್ ಹೋಲ್ಟ್. ಮಗು ತಾನಾಗಿಯೇ ಕಲಿಯುತ್ತದೆ, ನೀವು ಸ್ವಲ್ಪ ಸುಮ್ಮನಿರಿ ಎಂದವನು ಹೋಲ್ಟ್. ಹೆಡ್ಮಾಷ್ಟ್ರು ಒಪ್ಪಿದರು. ಹತ್ತರಿಂದ ಹನ್ನೊಂದು ‘ಸ್ವಚ್ಛಂದ ಕಲಿಕೆ’, ಹನ್ನೊಂದರಿಂದ ಹನ್ನೊಂದೂ ಕಾಲು ‘ಸ್ವಚ್ಛಂದ ಕಲಿಕೆಯ ವರದಿ’ ಎಂದು ಬರೆದು ಲ್ಯಾಮಿನೇಟ್ ಮಾಡಿದರು. ಆಮೇಲೆ ಬಂದವಳು ಶಾರ್ಲೆಟ್ ಮೇಸನ್. ಪ್ರಕೃತಿಯನ್ನು ಕಣ್ಣಾರೆ ನೋಡಿ ಡೈರಿ ಬರೆಯಬೇಕು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಟೈಮ್‌ಟೇಬಲ್ಲಿನಲ್ಲಿ ಅದಕ್ಕೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಕಡಲೆಕಾಯಿ ಸೇರಿ.

ಹಳೆಯ ಟೈಮ್‌ಟೇಬಲ್‌ಗಳು ವ್ಯರ್ಥವಾಗಿಲ್ಲ. ಅವರ ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆಯ ಕೆಳಗೆ ಅವೇ ಇರುತ್ತವೆ. ಒರೆಸಿದರೆ ಸಾರಿನ ಕಲೆ ಹೋಗುತ್ತದೆ, ಮಂಗಳವಾರದ ಗಣಿತ ಹಾಗೇ ಉಳಿಯುತ್ತದೆ.

ಇವರ ನಿಜವಾದ ಹಬ್ಬ ಅವೆನ್ಯೂ ರಸ್ತೆಯಲ್ಲಿ. ಲಾಂಗ್ ನೋಟ್‌ಬುಕ್ಕು, ಗ್ರಾಫ್ ಪುಸ್ತಕ, ಬಾಕ್ಸ್ ಫೈಲು, ಒಬ್ಬ ವಿದ್ಯಾರ್ಥಿಗೆ ಒಂದು ರೀಮು ಬ್ರೌನ್ ಪೇಪರು. ಮನೆಗೆ ತಂದು ಚಾಪೆ ಹಾಸಿ ಬೈಂಡ್ ಹಾಕಲು ಕೂತರೆ ಆಫೀಸಿನ ಮೀಟಿಂಗ್ ಕೂಡ ಕಾಯಬೇಕು. ಮೂಲೆ ಮಡಿಚಿ, ಉಗುರಿನಲ್ಲಿ ಗೀರಿ, ಪುಸ್ತಕ ತೆರೆದು ಒಮ್ಮೆ ಮೂಸುತ್ತಾರೆ. ತಿಪಟೂರಿನ ಬಾಲ್ಯದಲ್ಲಿ ಇವರಿಗೆ ಸಿಗುತ್ತಿದ್ದದ್ದು ಅಣ್ಣನ ನೋಟ್‌ಬುಕ್ಕುಗಳ ಉಳಿದ ಹಾಳೆ ಹರಿದು, ದಬ್ಬಣದಲ್ಲಿ ಹೊಲಿದ ಪುಸ್ತಕ. ಅದನ್ನು ಹೇಳಿದವರು ಅವರ ತಾಯಿ. ಹೋದ ವರ್ಷ ಹೆಡ್ಮಾಷ್ಟ್ರು ಲೇಬಲ್ ಅಂಟಿಸುತ್ತ ‘ಹೆಸರು’ ಎಂಬಲ್ಲಿ ತಮ್ಮದೇ ಹೆಸರು ಬರೆದುಬಿಟ್ಟಿದ್ದರು. ಮಗ ನೋಡಿದ. ‘ಇರ್ಲಿ ಬಿಡಪ್ಪ, ಅದು ನೀನೇ ಇಟ್ಕೋ’ ಎಂದ.

ಆ ತಾಯಿಯ ಬಗ್ಗೆ ಹೇಳದಿದ್ದರೆ ಶಾಲೆಯ ಚಿತ್ರ ಅರ್ಧವೇ. ಅಜ್ಜಿ ಸರ್ಕಾರಿ ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಮಗ ಒಮ್ಮೆ ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಹೊಸ ಪದ್ಧತಿಯನ್ನು ಸ್ಲೈಡ್ ಹಾಕಿ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿ, ‘ನಾನು ಒಂದೇ ಕೋಣೇಲಿ ನಾಲ್ಕು ಕ್ಲಾಸು ಕೂರಿಸ್ಕೊಂಡು ಮಾಡ್ತಿದ್ದುದೂ ಇದೇ ಕಣೋ. ಇನ್ನೊಬ್ಬರು ಮೇಷ್ಟ್ರನ್ನ ಕೊಡಿ ಅಂತ ವರ್ಷಾ ವರ್ಷಾ ಅರ್ಜಿ ಹಾಕ್ತಿದ್ವಿ’ ಎಂದರು. ಸೊಸೆ ಬ್ಯಾಂಕಿನವರು, ಅವರ ಮಾತು ಇನ್ನೂ ಕಡಿಮೆ. ಕಪಾಟಿನಲ್ಲಿರುವ ‘ಬಾಲ ಪ್ರಪಂಚ’ ತೋರಿಸಿ ಒಂದು ಸಲ ಅಂದಿದ್ದರು: ‘ಕಾರಂತರು ಮೂರು ಸಂಪುಟ ಬರೆದು ಮುಗಿಸಿದ್ರು. ನೀವಿನ್ನೂ ಪರಿವಿಡೀಲೇ ಇದೀರ.’

ಮದುವೆ ಮನೆಗಳಲ್ಲಿ ಮಾತ್ರ ಹೆಡ್ಮಾಷ್ಟ್ರಿಗೆ ಕಷ್ಟ. ‘ಮಗು ಯಾವ ಸ್ಕೂಲು?’ ಎಂದು ಕೇಳದ ನೆಂಟರುಂಟೇ? ‘ಮುಂದೆ ಎನ್‌ಐಓಎಸ್‌ನಲ್ಲಿ ಕಟ್ಟಿಸ್ತೀವಿ’ ಎಂದರೆ, ‘ಅದೆಲ್ಲಿ ಬಂತು, ವಿಜಯನಗರದಲ್ಲಾ?’ ಎಂಬ ಮರುಪ್ರಶ್ನೆ. ಅದು ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ, 1989ರಲ್ಲಿ ಶುರುವಾದದ್ದು, ಹದಿನಾಲ್ಕು ತುಂಬಿದರೆ ಹತ್ತನೇ ತರಗತಿ ಪರೀಕ್ಷೆಗೆ ಕೂರಬಹುದು ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಬಡಿಸುವವರು ಹೋಳಿಗೆ ದಾಟಿ ಅನ್ನಕ್ಕೆ ಬಂದಿರುತ್ತಾರೆ.

ಕಾನೂನೂ ಅವರಿಗೆ ಬಾಯಿಪಾಠ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಮಿನ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ. ಸೇರಿಸದವರಿಗೆ ಏನು ಶಿಕ್ಷೆ ಎಂದು ಆ ಕಲಂ ಹೇಳುವುದಿಲ್ಲ. ಆ ಸಂದಿಯಲ್ಲಿಯೇ ಇವರ ಶಾಲೆ ನಡೆಯುತ್ತಿರುವುದು. ಒಂದು ದಿನ ಶಾಲೆಯಿಂದ ಹೊರಗುಳಿದ ಮಕ್ಕಳ ಲೆಕ್ಕ ಬರೆಯುತ್ತ ಮೇಡಂ ಒಬ್ಬರು ಬಿಸಿಲಲ್ಲಿ ಬಂದರು. ಮಗು ಯಾಕೆ ಶಾಲೆಗೆ ಹೋಗ್ತಿಲ್ಲ ಸಾರ್ ಎಂದರು. ಹೆಡ್ಮಾಷ್ಟ್ರು, ಸಮಾಜಕ್ಕೆ ಶಾಲೆಯೇ ಬೇಡ ಎಂದ 1971ರ ಇವಾನ್ ಇಲಿಚ್‌ನಿಂದ ಶುರು ಮಾಡಿದರು. ಮೇಡಂ ಪಾಪ, ನೀರು ಕುಡಿದು, ‘ಸಾರ್, ಇಲ್ಲಿ ಬಡತನ, ವಲಸೆ, ಕೂಲಿ ಅಂತ ಇದೆ. ಯಾವುದಕ್ಕೆ ಟಿಕ್ ಹಾಕ್ಲಿ?’ ಎಂದರು. ಒಳಗಿನಿಂದ ಅಜ್ಜಿ, ‘ವಲಸೆ ಅಂತ ಹಾಕಮ್ಮ. ಬೆಳಿಗ್ಗೆ ಹಾಲಿಂದ ರೂಮಿಗೆ, ಮಧ್ಯಾಹ್ನ ರೂಮಿಂದ ಹಾಲಿಗೆ.’

ಈ ಸಲದ ಸಿದ್ಧತೆ ಭರ್ಜರಿಯಾಗಿತ್ತು. ಎಕ್ಸೆಲ್ಲಿನಲ್ಲಿ ಹಾಳೆಗಳು, ಹಾಳೆಗೊಂದು ಬಣ್ಣ. ಬಿಟ್ಟುಹೋಗಿದ್ದದ್ದು ಒಂದೇ, ರಜೆ. ಕಲಿಕೆಗೆಂಥ ರಜೆ ಎಂಬುದು ಸಂಸ್ಥೆಯ ಧೋರಣೆ. ಆದರೆ ಜುಲೈನಲ್ಲಿ ಮಳೆ ಹೊಡೆದು, ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟು, ಬೀದಿಯ ಮಕ್ಕಳೆಲ್ಲ ಕಾಗದದ ದೋಣಿ ಬಿಡುತ್ತಿದ್ದಾಗ ಮೇಲಿನ ಮನೆಯಲ್ಲಿ ಪತ್ರಲೇಖನ ನಡೆಯುತ್ತಿತ್ತು. ಹುಡುಗ ಬರೆದ: ‘ಗೆ, ಮುಖ್ಯೋಪಾಧ್ಯಾಯರು, ಒಳಗಿನ ರೂಮು. ಮಾನ್ಯರೇ, ಭಾರಿ ಮಳೆಯ ಕಾರಣ ಶಾಲೆಗೆ ಬರಲಾಗುತ್ತಿಲ್ಲ.’

‘ಹಾಲಿಂದ ರೂಮಿಗೆ ಬರೋಕೆ ಮಳೆ ಏನು ಅಡ್ಡ?’

‘ರೂಮು ಸೋರ್ತಿದೆಯಪ್ಪ. ಬಕೆಟ್ ತುಂಬ್ತು.’

ಪರಿಶೀಲಿಸಲಾಯಿತು. ತುಂಬಿತ್ತು. ಅಜ್ಜಿ ಜಿಲ್ಲಾಧಿಕಾರಿಯ ಜಾಗದಲ್ಲಿ ಸಹಿ ಹಾಕಿ ರಜೆ ಘೋಷಿಸಿದರು. ಹೆಡ್ಮಾಷ್ಟ್ರು ಸುಮ್ಮನಿರುವವರೇ? ನಷ್ಟವಾದ ತರಗತಿಗಳನ್ನು ಶನಿವಾರ ಮಧ್ಯಾಹ್ನ ಸರಿದೂಗಿಸತಕ್ಕದ್ದು ಎಂದು ಸುತ್ತೋಲೆ ಟೈಪಿಸಿ, ಪ್ರಿಂಟು ತೆಗೆದು, ಲ್ಯಾಮಿನೇಶನ್ ಮಿಷನ್ನಿನ ಬಾಯಿಗೆ ಇಟ್ಟರು. ಅರ್ಧ ಒಳಗೆ ಹೋಗಿತ್ತು, ಕರೆಂಟು ಹೋಯಿತು.