ಮುದ್ರಣಯಂತ್ರದ ತ್ರಿದೋಷ ಮೀಮಾಂಸೆ

ರೋಗವನ್ನರಿಯದೆ ಔಷಧ ಕೊಡುವ ವೈದ್ಯನನ್ನು ಲೋಕವು ನಿಂದಿಸುವುದುಂಟು. ಆದರೆ ಹಾಳೆಯ ಮೇಲೆ ಅಕ್ಷರಗಳು ಮಂಕಾಗಿ ಮೂಡಿದೊಡನೆಯೆ ಪ್ರಿಂಟರಿನ ನೆತ್ತಿಯ ಮೇಲೆ ಅಂಗೈಯಿಂದ ಪ್ರಹಾರ ಮಾಡಿ, ಅದರಿಂದಲೂ ಗುಣ ಕಾಣದಿರಲು ಪ್ಲಗ್ಗನ್ನು ಕಿತ್ತು ಮರಳಿ ಸಿಕ್ಕಿಸಿ, ತರುವಾಯ ಅದನ್ನು ತಯಾರಿಸಿದವರ ವಂಶವನ್ನು ಸ್ಮರಿಸುವ ಗುಮಾಸ್ತನನ್ನು ಯಾರೂ ನಿಂದಿಸುವುದಿಲ್ಲ. ಈ ಅನ್ಯಾಯವನ್ನು ಕಂಡು ಮರುಗಿ, ಯಂತ್ರವ್ಯಾಧಿಗಳಿಗೂ ಒಂದು ನಿದಾನಶಾಸ್ತ್ರವು ಇರತಕ್ಕದ್ದೆಂದು ಬಗೆದು, ವಾತ ಪಿತ್ತ ಕಫಗಳೆಂಬ ಪ್ರಾಚೀನ ವಿಭಾಗವನ್ನೇ ಆಶ್ರಯಿಸಿ ಈ ಪ್ರಬಂಧವನ್ನು ರಚಿಸಲಾಗಿದೆ. ಚಲನೆಯ ಕೆಡುಕೆಲ್ಲ ವಾತ, ಉಷ್ಣದ ಕೆಡುಕೆಲ್ಲ ಪಿತ್ತ, ಕಟ್ಟಿಕೊಳ್ಳುವುದೆಲ್ಲ ಕಫ.

ಮೊದಲು ವಂಶಾವಳಿ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬಾತನು ಗಂಧಕ ಲೇಪಿಸಿದ ಸತುವಿನ ಫಲಕವನ್ನು ಉಜ್ಜಿ ವಿದ್ಯುತ್ತೇರಿಸಿ, ಬೆಳಕು ತೋರಿಸಿ, ಪುಡಿ ಉದುರಿಸಿ ಅಕ್ಷರಗಳನ್ನು ಎತ್ತಿದನು. ಜೆರಾಕ್ಸ್ ಅಂಗಡಿಗಳೂ ಲೇಸರ್ ಪ್ರಿಂಟರುಗಳೂ ಆತನ ಸಂತತಿಯೇ. ಇಂಕ್‌ಜೆಟ್ಟಿನದು ಬೇರೆ ಗೋತ್ರ: 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯಲ್ಲಿ, ಮಸಿ ತುಂಬಿದ ಸಿರಿಂಜಿನ ಸೂಜಿಗೆ ಕಾದ ಸಾಲ್ಡರಿಂಗ್ ಕಡ್ಡಿಯು ತಾಗಲು ಮಸಿ ಚಿಮ್ಮಿತೆಂಬುದು ಆ ಗೋತ್ರದಲ್ಲಿ ಕಾವಿನಿಂದ ಮಸಿ ಚಿಮ್ಮಿಸುವ ಶಾಖೆಯ ಜನ್ಮಕಥೆ.

ಈ ಎರಡನೆಯ ಗೋತ್ರಕ್ಕೆ ಕಫಪ್ರಕೃತಿಯು ಹುಟ್ಟುಗುಣ. ವಿಶ್ರಾಂತಿಯೇ ಅದಕ್ಕೆ ವಿಷ. ಮಾಸಪರ್ಯಂತ ಸುಮ್ಮನಿದ್ದರೆ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಮಸಿ ಒಣಗಿ, ಪುಟದ ಮೇಲೆ ಅಡ್ಡಗೆರೆಗಳು ಬೀಳುತ್ತವೆ. ಆಗ ವಿಧಿಸಲ್ಪಟ್ಟ ಹೆಡ್ ಕ್ಲೀನಿಂಗ್ ಎಂಬ ವಿರೇಚನವು ಬಲು ದುಬಾರಿಯದು, ಏಕೆಂದರೆ ಶುದ್ಧಿಯ ನೆಪದಲ್ಲಿ ಯಂತ್ರವು ಮಸಿಯನ್ನೇ ಕುಡಿಯುತ್ತದೆ. ವಾರಕ್ಕೊಂದು ಬಣ್ಣದ ಪುಟವನ್ನು ಅಚ್ಚು ಹಾಕುವುದೇ ಪಥ್ಯ.

ವಾತದೋಷವು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಷಾಢ ಶ್ರಾವಣಗಳಲ್ಲಿ ಪ್ರಕೋಪಗೊಳ್ಳುತ್ತದೆ. ತೆರೆದಿಟ್ಟ ಕಟ್ಟಿನ ಹಾಳೆಗಳು ತೇವವನ್ನು ಹೀರಿ, ಅಂಚು ಸುರುಳಿಗೊಂಡು, ಒಂದಕ್ಕೊಂದು ಅಂಟಿ, ಎರಡು ಮೂರು ಒಟ್ಟಾಗಿ ಒಳಹೊಕ್ಕು ನಡುದಾರಿಯಲ್ಲಿ ಸಿಕ್ಕಿಬೀಳುತ್ತವೆ. ಸಿಕ್ಕಿದ ಹಾಳೆಯನ್ನು ಅದು ಹೋಗುತ್ತಿದ್ದ ದಿಕ್ಕಿಗೇ ಎರಡೂ ಕೈಗಳಿಂದ ಮೆಲ್ಲಗೆ ಎಳೆಯಬೇಕು. ವಿಪರೀತ ದಿಕ್ಕಿಗೆ ಎಳೆದವನಿಗೆ ಹರಿದ ತುಂಡೊಂದು ಒಳಗೇ ಉಳಿದು ದೀರ್ಘಕಾಲದ ವ್ಯಾಧಿಯು ಪ್ರಾಪ್ತವಾಗುತ್ತದೆ. ಹಾಳೆಯನ್ನು ಎತ್ತಿಕೊಳ್ಳಲೇ ಒಲ್ಲದಿದ್ದರೆ ರಬ್ಬರ್ ರೋಲರಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಲೇಸರ್ ಪ್ರಿಂಟರಿನ ಪುಟದಲ್ಲಿ ಬೆರಳಿನಿಂದ ಉಜ್ಜಿದರೆ ಅಕ್ಷರವು ಉದುರುವುದು ಮಂದಾಗ್ನಿಯ, ಎಂದರೆ ಪಿತ್ತಕ್ಷಯದ, ಲಕ್ಷಣ. ಟೋನರ್ ಎಂಬುದು ಮಸಿಯಲ್ಲ, ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಿನ ಹುಡಿ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಯೇ ಅದು ಕಾಗದಕ್ಕೆ ಹತ್ತತಕ್ಕದ್ದು. ಆದುದರಿಂದಲೇ ಅಂಗಿಗೆ ಚೆಲ್ಲಿದ ಟೋನರನ್ನು ಬಿಸಿನೀರಿನಲ್ಲಿ ತೊಳೆಯುವವನ ಅಂಗಿಯು ಚಿರಕಾಲ ಮುದ್ರಿತವಾಗಿಯೇ ಇರುತ್ತದೆ.

ಇನ್ನು ಈ ಶಾಸ್ತ್ರದ ಶಿರೋಮಣಿಯಾದ ನಾಡೀಪರೀಕ್ಷೆ. ಪುಟದಲ್ಲಿ ಒಂದೇ ಕಪ್ಪು ಮಚ್ಚೆಯು ಸಮಾನ ಅಂತರಗಳಲ್ಲಿ ಮರುಕಳಿಸುತ್ತಿದ್ದರೆ, ಶಾಲಾಬಾಲಕನ ಅಡಿಕೋಲನ್ನು ತಂದು ಆ ಅಂತರವನ್ನು ಅಳೆಯಬೇಕು. ಅಕ್ಷರಗಳನ್ನು ಹೊತ್ತು ಕಾಗದಕ್ಕೆ ದಾಟಿಸುವ ಉರುಳೆಯೇ ಡ್ರಮ್ಮು. 30 ಮಿಲಿಮೀಟರ್ ವ್ಯಾಸದ ಡ್ರಮ್ಮಿನ ಪರಿಧಿಯು ಸುಮಾರು 94 ಮಿಲಿಮೀಟರ್; 24ರದು ಸುಮಾರು 75. ಅಳತೆಯು ನಮ್ಮ ಡ್ರಮ್ಮಿನ ಪರಿಧಿಗೆ ಸರಿಹೋದರೆ ಗಾಯವಾಗಿರುವುದು ಅಲ್ಲಿಯೇ. ಸರಿಹೋಗದಿದ್ದರೆ ಬೇರೊಂದು ಉರುಳೆಯಲ್ಲಿ. ಪೈ ಎಂಬ ಸಂಖ್ಯೆಯನ್ನು ಎಂಟನೆಯ ತರಗತಿಯಲ್ಲಿ ನಮ್ಮಿಂದ ಏಕೆ ಬಾಯಿಪಾಠ ಮಾಡಿಸಿದರೆಂಬ ಚಿರಂತನ ಪ್ರಶ್ನೆಗೆ ಇಲ್ಲಿ ಉತ್ತರವು ದೊರೆಯುತ್ತದೆ.

ಇಲ್ಲಿ ಪ್ರಹಾರವಾದಿಗಳು ಆಕ್ಷೇಪಿಸುವರು: ಹೊಡೆದಾಗ ಗುಣವಾದುದನ್ನು ನಾವು ಕಣ್ಣಾರೆ ಕಂಡಿದ್ದೇವಲ್ಲ? ನಿಜ; ಆದರೆ ಅಲ್ಲಿ ಫಲಿಸಿದ್ದು ಕೋಪವಲ್ಲ, ಕುಲುಕು. ಟೋನರ್ ತೀರುತ್ತ ಬಂದಾಗ ಪುಟದ ಉದ್ದಕ್ಕೂ ಬಿಳಿಪಟ್ಟೆ ಮೂಡುವುದು ಸಾಮಾನ್ಯ. ಕಾರ್ಟ್ರಿಜ್ಜನ್ನು ಹೊರತೆಗೆದು, ಡ್ರಮ್ಮನ್ನು ಮುಟ್ಟದೆ, ಬಿಸಿಲು ತೋರಿಸದೆ, ಅಡ್ಡಲಾಗಿ ಐದಾರು ಬಾರಿ ಮೆಲ್ಲಗೆ ತೂಗಿದರೆ ಉಳಿದ ಹುಡಿಯು ಸಮವಾಗಿ ಹರಡಿ ಇನ್ನಷ್ಟು ಪುಟಗಳು ಹೊರಬೀಳುತ್ತವೆ.

ಕಡೆಯದಾಗಿ ಆಗಂತುಕ ವ್ಯಾಧಿ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಮನೆಯಲ್ಲಿ ಬೆರಳಚ್ಚು ಮಾಡಿದ ಅರ್ಜಿಯು, ಆ ಫಾಂಟ್ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ರೋಮನ್ ಲಿಪಿಯ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಾಣಿಸಿ, ಹಾಗೆಯೇ ಅಚ್ಚಾಗಿ ಬರುತ್ತದೆ. ಇದರಲ್ಲಿ ಪ್ರಿಂಟರಿನ ಅಪರಾಧವು ಲವಲೇಶವೂ ಇಲ್ಲ. ವಾಚಕ ಮಹಾಶಯರಲ್ಲಿ ವಿಜ್ಞಾಪನೆಯಿಷ್ಟೆ: ಅರ್ಜಿಯನ್ನು ಮನೆಯಲ್ಲಿಯೇ ಪಿಡಿಎಫ್ ಮಾಡಿಕೊಂಡು ಒಯ್ಯಿರಿ, ಅದೂ ಕೊನೆಯ ದಿನಾಂಕದ ಹಿಂದಿನ ದಿನವೇ ಒಯ್ಯಿರಿ.