ಬೀಪಿಗೆ ಬಿದ್ದ ಪೈಲ್ವಾನ್

ಕೊಹೀರಿನ ಕಡೆ ಪೈಲ್ವಾನ್ ಎನಿಸಿಕೊಳ್ಳಲು ಕುಸ್ತಿ ಆಡಲೇಬೇಕೆಂದಿಲ್ಲ. ತೋಳು ದಪ್ಪಗಿದ್ದು, ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರ ಜಾಗ ಹಿಡಿದರೆ ಸಾಕು, ಊರು ಆ ಬಿರುದನ್ನು ಪುಕ್ಕಟೆ ಕೊಡುತ್ತದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಈಚೆ ಬೀದರ್, ಎಲ್ಲಿ ಹೋದರೂ ಇಂಥವನೊಬ್ಬ ಸಿಗುತ್ತಾನೆ. ನಮ್ಮವನು ಕಬಡ್ಡಿಯವನು, ಟೂರ್ನಮೆಂಟಿಗೆ ಇಷ್ಟು ದುಡ್ಡು ಎಂದು ಎಣಿಸಿಕೊಂಡೇ ಅಂಗಳಕ್ಕೆ ಇಳಿಯುವವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ. ಕಾಲಿಗೆ ಪಟ್ಟು ಬಿದ್ದಾಗ ಮೂರೂ ಒಟ್ಟಿಗೇ ಹೊರಡುತ್ತವೆ.

ಹೈದರಾಬಾದಿನ ಒಂದು ಕಬಡ್ಡಿ ಶಿಬಿರದಿಂದ ಕರೆ ಬಂದದ್ದೇ ತಡ, ಪೈಲ್ವಾನ್ ನಡೆಯುವುದನ್ನೇ ಬಿಟ್ಟ. ಮಸಾಲೆ ತರಲು ಅವ್ವ ಕಿರಾಣಿಗೆ ಕಳಿಸಿದರೆ, "ಎನರ್ಜಿ ಉಳಸ್ಲತ್ತೀನಿ" ಎಂದು ಗೋಡೆಗೆ ಒರಗಿದ.

ಮೊದಲ ತೊಡಕು ತೂಕದ್ದು. ಸೀನಿಯರ್ ಕಬಡ್ಡಿಯಲ್ಲಿ ಗಂಡಸರಿಗೆ ಮಿತಿ 85 ಕೆಜಿ. ಪೈಲ್ವಾನ್ ಎಷ್ಟಿದ್ದ ಎಂದು ಅವನಿಗೂ ಅಕ್ಕಿ ಅಂಗಡಿಯ ತಕ್ಕಡಿಗೂ ಮಾತ್ರ ಗೊತ್ತು. "2024ರಾಗ ಪ್ಯಾರಿಸ್ ಒಲಿಂಪಿಕ್ಸಿನಾಗ ಬರೇ 100 ಗ್ರಾಮಿಗಿ ವಿನೇಶ್ ಫೋಗಟಂದು ಫೈನಲ್ ಹೋಯ್ತು, ಗೊತ್ತದಾ?" ಎಂದು ಚಹಾಕ್ಕೆ ಸಕ್ಕರೆ ಬೇಡವೆನ್ನುತ್ತಿದ್ದ. ಹಾಗೆ ಹೇಳುವಾಗ ಕೈಯಲ್ಲಿ ಮುಷ್ಟಿಗಿಂತ ದೊಡ್ಡ ಪೇರಲ ಇರುತ್ತಿತ್ತು. ಕೊಹೀರಿನಲ್ಲಿ ಹುಟ್ಟಿ ಪೇರಲ ಬಿಡು ಎಂದರೆ ಹೇಗೆ? ಕೊನೆಗೆ ಬುಟ್ಟಿಯವಳ ಹತ್ತಿರ ಹೋಗಿ, ನೂರು ಗ್ರಾಮಿನೊಳಗಿನದು ಆರಿಸಿ ಕೊಡು ಎಂದ. "ಹಂಗಾದ್ರ ಹೀಚ್ ತಿನ್ನು, ಹಣ್ಣು ನಿನ್ನ ನಸೀಬಿನಾಗಿಲ್ಲ" ಎಂದಳು ಆಕೆ.

ಶಿಬಿರಕ್ಕೆ ಹೋದ, ನಾಲ್ಕನೇ ದಿನಕ್ಕೆ ಬಂದ. ಬಂದವನು ಬೆಂಚಿನ ಮೇಲೆ ಕೂತು ಕಥೆ ಶುರು ಮಾಡಿದ. ಮೊದಲು ಒಂದು ಇಕ್ಕಳದಂಥದ್ದು ತಂದು ಮೈಯಲ್ಲಿ ಏಳು ಕಡೆ ಚಿವುಟಿ, ಕೊಬ್ಬು ಎಷ್ಟು ಮಿಲಿಮೀಟರ್ ಎಂದು ಬರೆದುಕೊಂಡರಂತೆ. ಹೆತ್ತ ಅವ್ವ ಕೂಡ ಇಷ್ಟು ಲೆಕ್ಕವಿಟ್ಟು ಚಿವುಟಿರಲಿಲ್ಲ. ಆಮೇಲೆ ಕಾಲು ಚಾಚಿ ಕೂತು ಮುಂದಕ್ಕೆ ಬಾಗಿ ಕೈ ಚಾಚಬೇಕು. "ಕೈಕಿಂತ ಮೊದಲ ಹೊಟ್ಟಿ ಮುಟ್ತು. ಅದಕ್ಕ ಮಾರ್ಕ್ ಇಲ್ಲಂತ!"

ಅಸಲಿ ಆಟ ಯೋ-ಯೋದ್ದು. ಡೆನ್ಮಾರ್ಕಿನ ಫುಟ್ಬಾಲ್ ವಿಜ್ಞಾನಿ ಯೆನ್ಸ್ ಬಾಂಗ್ಸ್ಬೊ ರೂಪಿಸಿದ ಪರೀಕ್ಷೆ ಇದು. ಪೈಲ್ವಾನ್ ಎರಡು ಚಹಾ ಗ್ಲಾಸನ್ನು ಬೆಂಚಿನ ಎರಡು ತುದಿಗಿಟ್ಟು, ಬಿಸ್ಕತ್ತನ್ನು ತಾನೇ ಎಂದು ಭಾವಿಸಿ ಓಡಿಸಿ ತೋರಿಸಿದ. 20 ಮೀಟರ್ ಹೋಗು, 20 ಮೀಟರ್ ಬಾ, 10 ಸೆಕೆಂಡ್ ಉಸಿರು ಬಿಡು, ಮತ್ತೆ ಓಡು. ಬೀಪ್ ಎನ್ನುವಷ್ಟರಲ್ಲಿ ಗೆರೆ ಮುಟ್ಟಬೇಕು. ಹೋಗ್ತಾ ಹೋಗ್ತಾ ಬೀಪಿಗೂ ಅವಸರ ಹೆಚ್ಚುತ್ತದೆ. ಒಮ್ಮೆ ತಪ್ಪಿದರೆ ವಾರ್ನಿಂಗ್, ಎರಡನೇ ಸಲಕ್ಕೆ ಮನೆ.

"ರೈಡಿಗಿ 30 ಸೆಕೆಂಡ್. ಅಷ್ಟರಾಗ ಇಬ್ಬರಿಗಿ ಮುಟ್ಟಿ ಬರ್ತೀನಿ. ಅಲ್ಲಿ ಮುಟ್ಲಾಕ್ ಒಬ್ಬ ಮನ್ಷಾ ಇಲ್ಲ. ಖಾಲಿ ಕೈಲಿ ಹೋಗು, ಖಾಲಿ ಕೈಲಿ ಬಾ. ಸಾಲ ವಸೂಲಿಗಿ ಹೋದಂಗ!"

ಪೊಲೀಸ್ ಭರ್ತಿಗೆಂದು ದಿನಾ ಬೆಳಗ್ಗೆ ಓಡುವ ಹುಡುಗನೊಬ್ಬ ಲೆಕ್ಕ ಹಾಕಿದ. ಪಾಸಾಗಲು ಬೇಕಾದ ಲೆವೆಲ್ 16.1ಕ್ಕೆ 28 ಸಲ ಹೋಗಿ ಬಂದರಾಯಿತು, ಒಟ್ಟು 1120 ಮೀಟರ್. "ನಾವ್ 1600 ಓಡ್ತೀವಲ್ಲಾ?" ಪೈಲ್ವಾನ್ ಕರುಣೆಯಿಂದ ನೋಡಿದ. "ನೀವು ನೆಟ್ಟಗ ಓಡೋರು. ನಾ ತಿರುಗ್ತೀನಿ, ನನ್ನ ತೂಕ ತಿರುಗಲ್ಲ. ಅದು ಮುಂದ್ ಹೋಗಿರ್ತದ."

ಸಾಕ್ಷಿಗಳನ್ನೂ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. 2018ರ ಐಪಿಎಲ್‌ನಲ್ಲಿ 602 ರನ್ ಬಾರಿಸಿದ ಅಂಬಟಿ ರಾಯುಡು, ಜೂನಿನಲ್ಲಿ ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ 16.1 ಮುಟ್ಟದೆ ಇಂಗ್ಲೆಂಡ್ ಪ್ರವಾಸ ಕಳೆದುಕೊಂಡ. ಅದೇ ತಿಂಗಳು ಮೊಹಮ್ಮದ್ ಶಮಿಗೂ ಅದೇ ಗತಿಯಾಗಿ, ಬೆಂಗಳೂರಿನ ಅಫ್ಘಾನಿಸ್ತಾನ ಟೆಸ್ಟ್ ತಪ್ಪಿತು. ಪೈಲ್ವಾನ್ ಇವರಿಬ್ಬರ ಹೆಸರನ್ನು ಬೀಗರ ಹೆಸರಿನಂತೆ ಹೇಳುತ್ತಾನೆ. 2023ರಲ್ಲಿ 17.2 ಮುಟ್ಟಿದೆನೆಂದು ಸ್ವತಃ ಪೋಸ್ಟ್ ಹಾಕಿಕೊಂಡ ಕೊಹ್ಲಿಯ ಮಾತೆತ್ತಿದರೆ, "ಅವಗ ಕೊಹೀರ್ ಪೇರಲ ಸಿಕ್ಕಿಲ್ಲ" ಎಂದು ಮುಗಿಸುತ್ತಾನೆ.

"ರಾಯುಡು ಮತ್ತ ಓಡಿ ಪಾಸಾದ. ಅದೇ ವರ್ಷ ಏಷ್ಯಾ ಕಪ್ ಆಡ್ದ" ಎಂದ ಚಹಾದವನು, ಹಾಲು ಸೋಸುತ್ತಾ. ಪೈಲ್ವಾನಿಗೆ ಆ ಕಿವಿ ಕೇಳಿಸುವುದಿಲ್ಲ.

ಅಷ್ಟಕ್ಕೂ ಪೈಲ್ವಾನ್ ನಿಂತದ್ದು ಎಲ್ಲಿ? ಬಂದ ದಿನ 13.4 ಎಂದ. ವಾರ ಕಳೆಯುವಷ್ಟರಲ್ಲಿ ಅದು 14.8 ಆಯಿತು. ಜಾತ್ರೆಯ ಹೊತ್ತಿಗೆ 15.8, ಅದೂ ಬೂಟಿನ ಲೇಸು ಬಿಚ್ಚಿದ್ದರಿಂದ. ಕೂತ ಬೆಂಚಿನಿಂದ ಏಳದೆಯೇ ಲೆವೆಲ್ ಏರಿಸಿಕೊಂಡ ಆಟಗಾರ ಈ ದಖ್ಖನ್ನಿನಲ್ಲಿ ಇವನೊಬ್ಬನೇ ಇರಬೇಕು.

ಮೊನ್ನೆ ಸಂಜೆ 16.1 ದಾಟುವುದರಲ್ಲಿದ್ದ. ಗ್ಲಾಸು ಎರಡೂ ತುದಿಗೆ ಬಂದಿದ್ದವು, ಬಿಸ್ಕತ್ತು ಕೊನೆಯ ಸುತ್ತಿನಲ್ಲಿತ್ತು. ಅಷ್ಟರಲ್ಲಿ ಆ ಪೊಲೀಸ್ ಭರ್ತಿಯ ಹುಡುಗನ ಫೋನಿಗೆ ಯಾವುದೋ ಮೆಸೇಜ್ ಬಂದು ಬೀಪ್ ಎಂದಿತು. ಪೈಲ್ವಾನ್ ಮಾತು ಅಲ್ಲೇ ನಿಲ್ಲಿಸಿದ. ಕೈ ತಂತಾನೇ ಚಪ್ಪಲಿಯತ್ತ ಹೋಯಿತು, ಇಲ್ಲದ ಲೇಸು ಕಟ್ಟಲು.

"ವಾರ್ನಿಂಗ್ ಒಂದಾಯ್ತು" ಎಂದ ಚಹಾದವನು.

ಫೋನು ಮತ್ತೊಮ್ಮೆ ಬೀಪ್ ಎಂದಿತು. ಪೈಲ್ವಾನ್ ಎದ್ದು, ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಯಾರೂ ಕೇಳದಿದ್ದರೂ ಚಹಾದ ಹಳೇ ಬಾಕಿಯನ್ನೆಲ್ಲ ಎಣಿಸಿಟ್ಟು ಮನೆಯ ದಾರಿ ಹಿಡಿದ.